ಅಣ್ಣ ಮೊದಲು, ತಮ್ಮ ಆಮೇಲೆ

ನನ್ನ ಅಣ್ಣ ಶ್ರೀಪಾದ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ೧೯೯೭ರ ನವೆಂಬರಿನ ಒಂದು ಗುರುವಾರ, ಬೆಳಗಿನ ಒಂಬತ್ತೂಕಾಲು ಗಂಟೆಗೆ. ವೇಳೆಯನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅದರ ಮುಂದಿನ ಎರಡು ದಿನಗಳನ್ನು ನಾನು ಆ ಒಂಬತ್ತೂಕಾಲನ್ನು ಬಚ್ಚಿಡುವುದರಲ್ಲೇ ಕಳೆದೆ.

ಆಗ ನಾನು ಹಾಲೆಂಡಿನ ರೈಸ್‌ವೈಕ್‌ನಲ್ಲಿ ಮಗಳು ಮೈಥಿಲಿಯ ಮನೆಯಲ್ಲಿದ್ದೆ. ಮಗಳೂ ಅಳಿಯ ರಾಕೇಶನೂ ಕೆಲಸಕ್ಕೆ ಹೋಗಿದ್ದರು. ನಾನು ಸ್ನಾನ, ಸಂಧ್ಯಾವಂದನೆ ಮುಗಿಸಿ, ಶನಿವಾರದ ಸಮಾರಂಭಕ್ಕೆ ಉಡಬೇಕಾಗಿದ್ದ ಜರಿಪಂಚೆಗೆ ಇಸ್ತ್ರಿ ಹಾಕುತ್ತಿದ್ದೆ. ಫೋನು ಬಂತು. ಮೈಸೂರಿನಿಂದ ಅಣ್ಣನ ಮಗ ರವಿಕಿರಣ.

"ಚಿಕ್ಕಪ್ಪ, ಅಪ್ಪ ಹೋಗ್ಬಿಟ್ರು. ರಾತ್ರಿ ಮಲಗಿದವರು ಬೆಳಗ್ಗೆ ಏಳಲೇ ಇಲ್ಲ. ಈಗ ಎಲ್ಲ ಮುಗಿಸ್ಕೊಂಡು ಬಂದ್ವಿ."

ಪಕ್ಕದ ಕೋಣೆಯಿಂದ ಮಾತಾಡಿದಷ್ಟು ಸ್ಪಷ್ಟವಾಗಿತ್ತು. ನಾನು "ಹಲೋ" ಎಂದೆ.

"ಚಿಕ್ಕಪ್ಪ, ಕೇಳಿಸ್ತಾ? ಅಪ್ಪ ಹೋಗ್ಬಿಟ್ರು."

"ಹಲೋ. ಹಲೋ. ಯಾರು?" ಎಂದು ರಿಸೀವರನ್ನು ಇಟ್ಟುಬಿಟ್ಟೆ. ಇಟ್ಟವನು ಒಂದು ನಿಮಿಷದ ನಂತರ ಅದನ್ನು ಮತ್ತೆ ಎತ್ತಿ, ಪಕ್ಕಕ್ಕೆ ಮಲಗಿಸಿ, ಮೇಲೆ ಇಸ್ತ್ರಿ ಮಾಡಿದ ಉತ್ತರೀಯವನ್ನು ಮುಚ್ಚಿದೆ. ಇಸ್ತ್ರಿ ಪೆಟ್ಟಿಗೆ ಅಷ್ಟು ಹೊತ್ತೂ ಪಂಚೆಯ ಮೇಲೆಯೇ ಇದ್ದು, ನಿರಿಗೆಯಲ್ಲಿ ಮುಚ್ಚಿಹೋಗುವ ಜಾಗದಲ್ಲಿ ಕಲೆ ಮಾಡಿತ್ತು.

ಅರುವತ್ತನಾಲ್ಕು ವರ್ಷದ ಆಸ್ತಿಕನೊಬ್ಬ ಹೀಗೇಕೆ ಮಾಡಿದ ಎಂಬುದನ್ನು ತಿಳಿಯಬೇಕಾದರೆ ಶನಿವಾರದ ಸಮಾರಂಭ ಏನೆಂಬುದನ್ನು ಹೇಳಬೇಕು.

ರಾಕೇಶ ಕೆಲಸ ಮಾಡುತ್ತಿದ್ದುದು ವಿಡಿಯೋ ಆಟಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ. ಒಟ್ಟು ಒಂಬತ್ತು ಜನ. ಅವರು ಎರಡು ವರ್ಷ ಕೂತು ಒಂದು ಆಟ ಮಾಡಿದ್ದರು. ಕಾಲುವೆಗಳಲ್ಲಿ ದೋಣಿ ನಡೆಸಿ ಊರಿಂದೂರಿಗೆ ಸರಕು ಮುಟ್ಟಿಸಬೇಕು. ಸೇತುವೆ ಬಂದರೆ ಅದು ಮೇಲೇಳುವವರೆಗೂ ಕಾಯಬೇಕು. ಅಷ್ಟೇ. ಆ ಕಾಲದಲ್ಲಿ ಮಕ್ಕಳಿರುವ ಮನೆಗಳಲ್ಲಿ ಟೀವಿಗೆ ಜೋಡಿಸುವ ಆಟದ ಯಂತ್ರವಿರುತ್ತಿತ್ತು. ಹಳೆಯ ಯಂತ್ರಕ್ಕೆ ಆಟವನ್ನು ಇಟ್ಟಿಗೆಯಂಥ ಕಾರ್ಟ್ರಿಜ್‌ನಲ್ಲಿ ತುಂಬಿ ಕೊಡುತ್ತಿದ್ದರು. ಆಗ ತಾನೇ ಹೊಸ ಯಂತ್ರ ಬಂದಿತ್ತು, ಅದಕ್ಕೆ ಡಿಸ್ಕು. ಇವರು ಒಂದೇ ಆಟವನ್ನು ಎರಡಕ್ಕೂ ಸಿದ್ಧಪಡಿಸಿದ್ದರು. ಹೊಸದರಲ್ಲಿ ನೀರು ಮಿನುಗುತ್ತಿತ್ತು, ದಡದಲ್ಲಿ ಹಸುಗಳು ಬಾಲ ಬೀಸುತ್ತಿದ್ದವು. ಹಳೆಯದರಲ್ಲಿ ನೀರೆಂದರೆ ಒಂದು ನೀಲಿ ಪಟ್ಟಿ. ಹಸು ಎಂದರೆ ಅದು ಹಸುವೆಂದು ಯಾರಾದರೂ ಹೇಳಬೇಕಾಗಿತ್ತು.

ಕಂಪನಿಯ ಯಜಮಾನರು ಹುಕ್‌ಸ್ಟ್ರಾ ಎಂಬ ಎತ್ತರದ ಡಚ್ ಮನುಷ್ಯ. ಸೆಪ್ಟೆಂಬರಿನಲ್ಲಿ ಒಂದು ದಿನ ಊಟಕ್ಕೆ ಮನೆಗೆ ಬಂದಿದ್ದರು. ಸಾರನ್ನು ಬಟ್ಟಲಿನಲ್ಲಿ ಕುಡಿಯುತ್ತ ತಮ್ಮ ಚಿಂತೆ ಹೇಳಿಕೊಂಡರು. ಹೊಸ ಯಂತ್ರಕ್ಕೆ ಮೊದಲು ಬಿಡಬೇಕೋ, ಎರಡನ್ನೂ ಒಟ್ಟಿಗೆ ಬಿಡಬೇಕೋ, ಹಳೆಯದನ್ನು ಕೈಬಿಡಬೇಕೋ ತಿಳಿಯದೆ ನಿದ್ದೆ ಬರುತ್ತಿಲ್ಲವಂತೆ. ರಾಕೇಶ ನನಗೆ ಇದನ್ನು ಕನ್ನಡದಲ್ಲಿ ವಿವರಿಸಿದ.

"ಎರಡೂ ಒಂದೇ ಮನೆಯ ಮಕ್ಕಳು ತಾನೆ?" ಎಂದೆ. "ಅಣ್ಣ ಇರೋವಾಗ ತಮ್ಮನ ಮದುವೆ ಮೊದಲು ಮಾಡೋದುಂಟೆ? ಅಣ್ಣ ಮೊದಲು, ತಮ್ಮ ಆಮೇಲೆ. ಒಂದೇ ಮನೇಲಿ ಆರು ತಿಂಗಳೊಳಗೆ ಎರಡು ಶುಭಕಾರ್ಯ ಕೂಡದು. ಇದಕ್ಕೆಲ್ಲ ನಿದ್ದೆ ಯಾಕೆ ಕೆಡಿಸ್ಕೋಬೇಕು ಅಂತ ಕೇಳಿ."

"ಮಾವ, ಇದನ್ನ ಹಾಗೇ ಹೇಳಕ್ಕಾಗಲ್ಲ," ಎಂದು ರಾಕೇಶ ಕೆಂಪಗಾದ. ಆಮೇಲೆ ಡಚ್ಚಿನಲ್ಲಿ ಏನೋ ಹೇಳಿದ. ನಾನು ಹೇಳಿದ್ದಕ್ಕಿಂತ ಅದು ಬಹಳ ಉದ್ದವಾಗಿತ್ತು. ಹುಕ್‌ಸ್ಟ್ರಾ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದರು. ಅವನು ಹೇಳಿದ್ದೇನೆಂದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಹಳೆಯ ಯಂತ್ರ ಈಗ ಮನೆಮನೆಯಲ್ಲೂ ಇದೆ. ಅದಕ್ಕೆ ಹೊಸ ಆಟ ಮಾಡುವವರು ಕಡಿಮೆಯಾಗಿರುವುದರಿಂದ ಅಂಗಡಿಯಲ್ಲಿ ಪೈಪೋಟಿಯಿಲ್ಲ. ಹೊಸ ಯಂತ್ರ ಇನ್ನೂ ಕೆಲವರ ಮನೆಗೆ ಮಾತ್ರ ಬಂದಿದೆ, ಹರಡಲು ಆರು ತಿಂಗಳಾದರೂ ಬೇಕು. ಇದು ನಮ್ಮ ಮಾವನವರ ಅಭಿಪ್ರಾಯ.

"ಅವರು ಯಾವ ಉದ್ಯೋಗದಲ್ಲಿದ್ದರು?" ಎಂದು ಹುಕ್‌ಸ್ಟ್ರಾ ಕೇಳಿದರಂತೆ.

"ಪ್ರಕಾಶನದಲ್ಲಿ," ಎಂದನಂತೆ ರಾಕೇಶ. ನಾನು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಮೂವತ್ತಾರು ವರ್ಷ ಕರಡು ತಿದ್ದಿದವನು. ಮಾತು ಪೂರ್ತಿ ಸುಳ್ಳಲ್ಲ.

ಹೀಗೆ ನಾನು ಆಟಗಳ ಬಿಡುಗಡೆಯ ಸಲಹೆಗಾರನಾದೆ. ತಿಂಗಳಿಗೆ ಎರಡು ಸಲ ಕಚೇರಿಗೆ ಹೋಗಿ, ಕಾಫಿ ಕುಡಿದು, ಪಂಚಾಂಗ ನೋಡಿ ಬರುತ್ತಿದ್ದೆ. ಹಳೆಯ ಯಂತ್ರದ ಆಟಕ್ಕೆ ಸಿಂಟರ್‌ಕ್ಲಾಸ್ ಹಬ್ಬದ ಮುಂಚಿನ ಒಂದು ಶನಿವಾರವನ್ನು ಗೊತ್ತು ಮಾಡಿದೆ. ಆ ಹಬ್ಬಕ್ಕೆ ಇಲ್ಲಿ ಮಕ್ಕಳಿಗೆ ಉಡುಗೊರೆ ಕೊಡುತ್ತಾರಾದ್ದರಿಂದ ಆ ಶನಿವಾರ ಯಾವ ಅಂಗಡಿಯವನಿಗಾದರೂ ಹೊಳೆಯುತ್ತಿತ್ತು. ಆದರೆ ಹೇಳಿದವನು ನಾನು. ಕಂಪನಿಯ ಹೆಸರು, ಫೋನು, ಫ್ಯಾಕ್ಸು ನಂಬರು ಅಚ್ಚಾಗಿದ್ದ ಕಾಗದವನ್ನು ಒಂದು ಹಿಡಿ ಮನೆಗೆ ತಂದು, ಅದರಲ್ಲಿ ಅಣ್ಣನಿಗೆ ಪತ್ರ ಬರೆದೆ. ದೀಪ ಹಚ್ಚುವವನು ನಾನೇ, ತೆಂಗಿನಕಾಯಿ ಒಡೆಯುವವನೂ ನಾನೇ, ಇಲ್ಲಿಯ ಕನ್ನಡದವರೆಲ್ಲ ಬರುತ್ತಾರೆ ಎಂದು ವಿವರವಾಗಿ ತಿಳಿಸಿದೆ. ಅಣ್ಣ ಉತ್ತರ ಬರೆದಿದ್ದ: "ನಿನ್ನ ಮಾತು ಕೇಳುವವರು ಹಾಲೆಂಡಿನಲ್ಲಾದರೂ ಸಿಕ್ಕಿದರಲ್ಲ, ಸಂತೋಷ."

ಈಗ ಆ ಗುರುವಾರದ ಇಕ್ಕಟ್ಟು ಓದುಗರಿಗೆ ಅರ್ಥವಾಗಿರಬಹುದು. ಒಡಹುಟ್ಟಿದ ಅಣ್ಣ ತೀರಿಕೊಂಡರೆ ನಮ್ಮಲ್ಲಿ ಹತ್ತು ದಿನ ಸೂತಕ. ದೇವರ ದೀಪ ಮುಟ್ಟುವಂತಿಲ್ಲ, ಶುಭಕಾರ್ಯಕ್ಕೆ ಹೋಗುವಂತಿಲ್ಲ. ದೂರದಲ್ಲಿದ್ದವನಿಗೆ ಸುದ್ದಿ ಕಿವಿಗೆ ಬಿದ್ದಾಗ ಸೂತಕ, ಬೀಳುವವರೆಗೂ ಇಲ್ಲ. ಆದ್ದರಿಂದ ಸುದ್ದಿ ನನ್ನ ಕಿವಿಗೆ ಬಿದ್ದಿತೇ ಎಂಬುದೇ ಪ್ರಶ್ನೆ. ಬಿದ್ದಿರಲಿಲ್ಲವೆಂದು ಹತ್ತು ನಿಮಿಷದಲ್ಲಿ ತೀರ್ಮಾನಿಸಿದೆ. ಶನಿವಾರ ಸಾಯಂಕಾಲ ಬೀಳಲಿ, ಆಗ ನೆಮ್ಮದಿಯಾಗಿ ಅಳುತ್ತೇನೆ ಎಂದುಕೊಂಡೆ. ಕೇಳಿಯೂ ಕೇಳದವನಿಗೆ ಏನು ವಿಧಿ ಎಂದು ನಾನು ಬಲ್ಲ ಯಾವ ಗ್ರಂಥದಲ್ಲೂ ಇಲ್ಲ. ಅಂಥವನೊಬ್ಬ ಹುಟ್ಟುತ್ತಾನೆಂದು ಋಷಿಗಳು ಎಣಿಸಿರಲಿಕ್ಕಿಲ್ಲ.

ಆದರೂ ಮನಸ್ಸು ಕೇಳಲಿಲ್ಲ. ಸುದ್ದಿ ಕೇಳಿದೊಡನೆ ಉಟ್ಟ ಬಟ್ಟೆಯಲ್ಲೇ ಸ್ನಾನ ಮಾಡಬೇಕು. ಷವರಿನ ಕೆಳಗೆ ಪಂಚೆ, ಬನಿಯನ್ನು, ಸ್ವೆಟರಿನ ಸಮೇತ ನಿಂತೆ. ಮೈಥಿಲಿ ಮನೆಗೆ ಬಂದಾಗ ರೇಡಿಯೇಟರಿನ ಮೇಲೆ ಸ್ವೆಟರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಪ್ಪ, ಇದೇನು? ಬೆಳಗ್ಗೆ ಸ್ನಾನ ಆಗಿತ್ತಲ್ಲ."

"ಸೆಕೆ ಆಯ್ತು."

ಹೊರಗೆ ನಾಲ್ಕು ಡಿಗ್ರಿ ಇತ್ತು. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಶುಕ್ರವಾರ ದೇವರ ಪೂಜೆ ಮಾಡದೆ ಬಾಗಿಲಾಚೆ ನಿಂತು ಕೈಮುಗಿದೆ. ಕೇಳಿದ್ದಕ್ಕೆ ಸೊಂಟ ಹಿಡಿದಿದೆ ಎಂದೆ. ಅವಳು ಮುಲಾಮು ತಂದು ತಿಕ್ಕಿದಳು. ಹಿಡಿಯದ ಸೊಂಟಕ್ಕೆ ಮುಲಾಮು ತಿಕ್ಕಿಸಿಕೊಳ್ಳುತ್ತ, ಕಣ್ಣಲ್ಲಿ ನೀರು ಬಂದಾಗ, "ಉರಿ ಜಾಸ್ತಿಯಮ್ಮ" ಎಂದೆ. ಅದೇ ಸಾಯಂಕಾಲ ಉತ್ತರೀಯ ಎತ್ತಿದಾಗ ಅವಳ ಕಣ್ಣಿಗೆ ರಿಸೀವರು ಬಿತ್ತು. "ಯಾರೋ ಸರಿಯಾಗಿ ಇಟ್ಟಿಲ್ಲ," ಎಂದು ಸರಿಯಾಗಿ ಇಟ್ಟಳು. ಮನೆಯಲ್ಲಿ ಆ 'ಯಾರೋ' ಆಗಬಲ್ಲವನು ನಾನೊಬ್ಬನೇ ಇದ್ದೆ.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕಚೇರಿಯ ಹಜಾರ ತುಂಬಿತ್ತು. ಡಚ್ಚರು ಇಪ್ಪತ್ತು ಜನ, ನಮ್ಮವರು ಹತ್ತು ಹನ್ನೆರಡು. ಒಂದು ಮೂಲೆಯಲ್ಲಿ ಕಾರ್ಟ್ರಿಜ್‌ಗಳನ್ನು ಗೋಪುರದಂತೆ ಪೇರಿಸಿದ್ದರು. ರಾಟರ್‌ಡ್ಯಾಮ್‌ನಿಂದ ಸಿದ್ದಣ್ಣನವರೂ ಅವರ ಹೆಂಡತಿ ನೀಲಾಂಬಿಕಾ ಅವರೂ ಬಂದಿದ್ದರು. ಸಿದ್ದಣ್ಣನವರು ಧಾರವಾಡದ ಕಡೆಯವರು, ಬಂದರಿನಲ್ಲಿ ಎಂಜಿನಿಯರು, ದೊಡ್ಡ ದನಿ, ಅದಕ್ಕಿಂತ ದೊಡ್ಡ ಮನಸ್ಸು.

ಹುಕ್‌ಸ್ಟ್ರಾ ನನ್ನ ಕೈಗೆ ಬೆಂಕಿಪೊಟ್ಟಣ ಕೊಟ್ಟರು. ಎದುರಿಗೆ ಮೈಥಿಲಿಯ ಹಿತ್ತಾಳೆಯ ದೀಪ, ಎಣ್ಣೆ ಬತ್ತಿ ಸಿದ್ಧವಾಗಿತ್ತು. ಎರಡು ತಿಂಗಳಿಂದ ನಾನು ಕಾದಿದ್ದ ಕ್ಷಣ. ಕಡ್ಡಿ ಗೀಚಿದೆ. ಅದು ಉರಿಯುತ್ತ ಬೆರಳಿನವರೆಗೆ ಬಂತು. ಕೈ ಮುಂದೆ ಹೋಗಲಿಲ್ಲ. ಎರಡನೆಯದೂ ಹಾಗೇ ಆಯಿತು.

"ಯಜಮಾನರೇ ಹಚ್ಚಲಿ," ಎಂದೆ.

"ರಾಯರ ವಿನಯ ನೋಡ್ರಿ," ಎಂದು ಸಿದ್ದಣ್ಣನವರು ಎಲ್ಲರಿಗೂ ಕೇಳುವಂತೆ ಹೇಳಿದರು. "ಹಿರೇರು ಅಂದ್ರ ಹೀಂಗಿರಬೇಕು."

ಹುಕ್‌ಸ್ಟ್ರಾ ದೀಪ ಹಚ್ಚಿದರು. ಹೇಗ್ ಪಟ್ಟಣದಲ್ಲಿ ಸುರಿನಾಮ್ ದೇಶದಿಂದ ಬಂದ ಭಾರತ ಮೂಲದವರ ಅಂಗಡಿಯಿಂದ ತಂದಿದ್ದ ತೆಂಗಿನಕಾಯಿಯನ್ನೂ ಅವರ ಕೈಗೇ ಕೊಟ್ಟೆ. ಅವರು ಅದನ್ನು ಸುತ್ತಿಗೆಯಿಂದ ಒಡೆದು, ನೀರನ್ನೆಲ್ಲ ತಮ್ಮ ಸೂಟಿನ ಮೇಲೆ ಚೆಲ್ಲಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೇನು, ಪಾರಾದೆ ಎಂದುಕೊಂಡೆ.

ಆಗ ಹುಕ್‌ಸ್ಟ್ರಾ ಒಂದು ಚೌಕಟ್ಟನ್ನು ತಂದು ಎತ್ತಿ ಹಿಡಿದರು. ಗಾಜಿನೊಳಗೆ ಒಂದು ಕಾಗದ, ಮೂಲೆಗೆ ಕಿತ್ತಲೆ ಬಣ್ಣದ ರಿಬ್ಬನ್ನು.

"ನಿನ್ನೆ ಸಾಯಂಕಾಲ ಇಂಡಿಯಾದಿಂದ ನಮ್ಮ ಸಲಹೆಗಾರರಿಗೆ ಈ ಫ್ಯಾಕ್ಸು ಬಂತು," ಎಂದು ಅವರು ಹೇಳಿದ್ದನ್ನು ರಾಕೇಶ ಕನ್ನಡಕ್ಕೆ ತಿರುಗಿಸಿದ. "ಎಂಥ ಸುಂದರವಾದ ಅಕ್ಷರಗಳು. ಇದು ಸದಾ ನಮ್ಮ ಗೋಡೆಯ ಮೇಲಿರುತ್ತದೆ." ಮಾವನಿಗೆ ಅಚ್ಚರಿಯಾಗಲೆಂದು ರಾಕೇಶನೂ ಮನೆಯಲ್ಲಿ ಇದರ ಮಾತೆತ್ತಿರಲಿಲ್ಲ. ಅವನು ಓದಿದ್ದು ಉತ್ತರ ಭಾರತದಲ್ಲಿ. ಕನ್ನಡ ಮಾತಾಡುತ್ತಾನೆ, ಅಕ್ಷರ ಬರುವುದಿಲ್ಲ.

ನನಗೆ ಬರುತ್ತದೆ. ಹತ್ತು ಅಡಿ ದೂರದಿಂದಲೇ ಕಂಡಿತು. ತಲೆಯ ಮೇಲೆ 'ಶ್ರೀ' ಇರಬೇಕಾದ ಜಾಗದಲ್ಲಿ 'ಅಶುಭ' ಎಂದಿತ್ತು. ಕೆಳಗೆ ಅಣ್ಣನ ಹೆಸರು, ಕಾರ್ತಿಕ ಬಹುಳದ ತಿಥಿ, ಹತ್ತನೆಯ ದಿನ, ಹದಿಮೂರನೆಯ ದಿನ. ಅಶುಭದ ಪತ್ರವನ್ನು ನಾವು ಓದಿದ ಕೂಡಲೇ ಹರಿದುಹಾಕುತ್ತೇವೆ. ಮನೆಯೊಳಗೆ ಒಂದು ರಾತ್ರಿಯೂ ಇಡುವುದಿಲ್ಲ. ಈ ಮಹಾರಾಯರು ಅದಕ್ಕೆ ಗಾಜು ಹಾಕಿಸಿದ್ದರು.

"ದಯವಿಟ್ಟು ಓದಿ ಹೇಳಿ," ಎಂದರು ಹುಕ್‌ಸ್ಟ್ರಾ.

"ಕನ್ನಡಕ ಮರೆತು ಬಂದಿದ್ದೇನೆ," ಎಂದೆ. ಕನ್ನಡಕ ಜೇಬಿನಲ್ಲಿ ಎದೆಗೆ ಒತ್ತುತ್ತಿತ್ತು.

"ನಾ ಓದ್ತೀನ್ರೀ," ಎಂದು ಸಿದ್ದಣ್ಣನವರು ಮುಂದೆ ಬಂದು ಚೌಕಟ್ಟು ತೆಗೆದುಕೊಂಡರು. ಮೊದಲ ಸಾಲು ನೋಡಿದರು. ಅವರ ಮುಖದ ರಕ್ತ ಇಳಿಯಿತು. ನನ್ನ ಕಡೆ ನೋಡಿದರು. ನಾನು ಏನೂ ತಿಳಿಯದವನಂತೆ ಮುಗುಳ್ನಕ್ಕೆ. ಆ ಮುಗುಳ್ನಗೆಯನ್ನು ನೆನೆದರೆ ಇಂದಿಗೂ ನನಗೆ ನನ್ನ ಮುಖ ಕನ್ನಡಿಯಲ್ಲಿ ನೋಡುವುದು ಬೇಡವೆನಿಸುತ್ತದೆ.

ಅವರು ಗಂಟಲು ಸರಿಪಡಿಸಿಕೊಂಡು ಓದಿದರು. "ಇವರ ಅಣ್ಣಾರು ಬರದಾರ್ರೀ. ತಮ್ಮಾ, ನೀ ಅಲ್ಲಿ ದೊಡ್ಡ ಕೆಲಸ ಮಾಡಾಕತ್ತೀ ಅಂತ ಕೇಳಿ ಭಾಳ ಸಂತೋಷ ಆತು. ನಿಮ್ಮ ಆಟ ಛಲೋ ನಡೀಲಿ. ಇಲ್ಲಿ ನಾನು... ಇಲ್ಲಿ ನಾವೆಲ್ಲಾರೂ ಆರಾಮ ಅದೀವಿ."

ಮೈಸೂರು ಬಿಟ್ಟು ಹೊರಗೆ ಕಾಲಿಡದ ನನ್ನ ಅಣ್ಣ, ಸತ್ತ ಮೂರನೆಯ ದಿನಕ್ಕೆ ಧಾರವಾಡದ ಮಾತು ಕಲಿತಿದ್ದ. ನನ್ನ ಮನಸ್ಸು ನೋಯದಿರಲೆಂದು ಅವರು ನಿಂತ ನಿಲುವಿನಲ್ಲಿ ಸುಳ್ಳು ಕಟ್ಟುತ್ತಿದ್ದರು. ಅದು ಸುಳ್ಳೆಂದು ಬಲ್ಲ ನಾನು ತಲೆಯಾಡಿಸುತ್ತ ಕೇಳುತ್ತಿದ್ದೆ.

ರಾಕೇಶ ಅದನ್ನು ಡಚ್ಚಿನಲ್ಲಿ ಹೇಳಿದ. ಹಜಾರದ ತುಂಬ ಚಪ್ಪಾಳೆ. ಡಚ್ಚರಿಗೆ ಒಂದು ಪದ್ಧತಿಯಿದೆ: ಒಬ್ಬನಿಗೆ ಶುಭವಾದರೆ ಅವನ ಸುತ್ತ ಇರುವವರಿಗೆಲ್ಲ ಸಾಲಾಗಿ ಬಂದು ಕೈಕುಲುಕಿ ಅಭಿನಂದನೆ ಹೇಳುತ್ತಾರೆ. ಹೇಳಿದರು. "ಗೆಫೆಲಿಸಿಟೇರ್ಡ್, ನಿಮ್ಮ ಅಣ್ಣನವರಿಗಾಗಿ ಅಭಿನಂದನೆ." ಇಪ್ಪತ್ತು ಜನ, ಇಪ್ಪತ್ತು ಸಲ. ಲೆಕ್ಕಪತ್ರದ ಹೆಂಗಸು ಕೆನ್ನೆಗೆ ಮೂರು ಮುತ್ತು ಕೊಟ್ಟು, "ಅವರಿಗೆ ಎಷ್ಟು ವಯಸ್ಸು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಎಪ್ಪತ್ತು," ಎಂದೆ.

"ಇನ್ನೂ ಬಹಳ ವರ್ಷ ಇರಲಿ," ಎಂದರು.

ನಾನು ಥ್ಯಾಂಕ್ಸ್ ಹೇಳಿದೆ.

ಅಷ್ಟರಲ್ಲಿ ನಮ್ಮವರೊಳಗೆ ಪಿಸುಮಾತು ಹರಡಿತ್ತು. ಗೋಡೆಗೆ ತೂಗಿದ ಚೌಕಟ್ಟಿನ ಮುಂದೆ ನೀಲಾಂಬಿಕಾ ಅವರು ಸೆರಗು ಹರಡಿ ಅಡ್ಡ ನಿಂತಿದ್ದರು, ನನ್ನ ಕಣ್ಣಿಗೆ ಬೀಳದಿರಲೆಂದು. ಒಬ್ಬೊಬ್ಬರೂ ಅವರ ಹೆಗಲ ಮೇಲಿಂದ ಇಣುಕಿ ಓದಿ, ನನ್ನ ಕಡೆ ಮರುಕದಿಂದ ನೋಡಿ, ನಾನು ನೋಡಿದಾಗ ನಗುತ್ತಿದ್ದರು.

"ಮೊದ್ಲ ಏನಾರ ಒಂದೀಟು ತಿನ್ನಲಿ," ಎಂಬ ನೀಲಾಂಬಿಕಾ ಅವರ ಪಿಸುಮಾತು ನನಗೆ ಚೆನ್ನಾಗಿ ಕೇಳಿತು. "ಖಾಲಿ ಹೊಟ್ಯಾಗ ಇಂಥಾ ಮಾತು ಕೇಳಬಾರದು."

ಪರಿಣಾಮವಾಗಿ ಕೇಕಿನ ತಟ್ಟೆಗಳು ನನ್ನ ಕಡೆಗೆ ಹರಿದು ಬಂದವು. ಬೇಡವೆಂದರೆ ಅನುಮಾನ ಬರುತ್ತದೆಂದು ಮೂರು ತುಂಡು ತಿಂದೆ. ಮೂರನೆಯದು ಗಂಟಲಲ್ಲಿ ನಿಂತಿತು. ಸಿದ್ದಣ್ಣನವರು ಬೆನ್ನು ನೀವಿದರು. "ಸಾವಕಾಶ ತಿನ್ರಿ ರಾಯರ," ಎನ್ನುವಾಗ ಅವರ ಕಣ್ಣು ತುಂಬಿತ್ತು.

ಕೊನೆಗೆ ಒಳಗಿನ ಸಣ್ಣ ಅಡಿಗೆಮನೆಯಿಂದ ಮೈಥಿಲಿ ಬಂದಳು. ಯಾರೋ ಹೇಳಿದ್ದರು. ಅತ್ತು ಮುಖ ತೊಳೆದುಕೊಂಡಿದ್ದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕಾಲ ಬಳಿ ತಾನೂ ಕೂತಳು.

"ಅಪ್ಪ, ಗಾಬರಿ ಆಗ್ಬೇಡಿ. ದೊಡ್ಡಪ್ಪ ಇಲ್ಲ."

ಇಲ್ಲಿ ನಾನು ಮಾಡಿದ್ದನ್ನು ಬರೆಯದೆ ಬಿಡಬಹುದಾಗಿತ್ತು. ನಾನು ಎದೆ ಹಿಡಿದುಕೊಂಡು, "ಯಾವಾಗ?" ಎಂದೆ. ಬಹಳ ಚೆನ್ನಾಗಿ ಮಾಡಿದೆ. ನೀರು ಬಂತು. ಬೀಸುವುದಕ್ಕೆ ಆಟದ ಜಾಹೀರಾತಿನ ಹಾಳೆ ಬಂತು. ರಾಕೇಶ ಹುಕ್‌ಸ್ಟ್ರಾರಿಗೆ ವಿಷಯ ಹೇಳಿದ. ಅವರು ಬಿಳಿಚಿಕೊಂಡು ಚೌಕಟ್ಟಿನ ರಿಬ್ಬನ್ನನ್ನು ತಾವೇ ಕಿತ್ತರು. ಸ್ವಲ್ಪ ಹೊತ್ತಿನಲ್ಲಿ ಅದೇ ಇಪ್ಪತ್ತು ಜನ ಅದೇ ಸಾಲಿನಲ್ಲಿ ಮತ್ತೆ ಬಂದು ಕೈಹಿಡಿದು ಸಂತಾಪ ಹೇಳಿದರು. ಮುತ್ತು ಕೊಟ್ಟಿದ್ದ ಹೆಂಗಸು ಕ್ಷಮೆ ಕೇಳಿದರು. ನಾನು ಅವರಲ್ಲಿ ಕೇಳಬೇಕಾದದ್ದನ್ನು ಅವರು ನನ್ನಲ್ಲಿ.

"ಈಗಲೇ ನಿಮ್ಮ ಮನೆಗೆ ಫೋನು ಮಾಡಿ. ಎಷ್ಟು ಹೊತ್ತಾದರೂ ಮಾತಾಡಿ," ಎಂದು ಹುಕ್‌ಸ್ಟ್ರಾ ಮೇಜಿನ ಮೇಲಿದ್ದ ಫೋನನ್ನು ನನ್ನ ಮುಂದಿಟ್ಟರು. ರಿಸೀವರು ಹಿಡಿಯುವ ಶಕ್ತಿ ನನ್ನಲ್ಲಿಲ್ಲವೆಂದು ತಿಳಿದು, ಎಲ್ಲರಿಗೂ ಕೇಳಿಸುವಂತೆ ಸ್ಪೀಕರಿನ ಗುಂಡಿ ಒತ್ತಿದರು. ಅವರದು ಒಳ್ಳೆಯ ಮನಸ್ಸು. ಆ ದಿನ ನನ್ನನ್ನು ಕೊಂದದ್ದೆಲ್ಲ ಒಳ್ಳೆಯ ಮನಸ್ಸುಗಳೇ.

ರವಿಕಿರಣ ಸಿಕ್ಕಿದ. ಮೈಥಿಲಿ ಅಳುತ್ತ ಮಾತಾಡಿದಳು. "ಈಗ ಗೊತ್ತಾಯ್ತಣ್ಣ, ಫ್ಯಾಕ್ಸ್ ನೋಡಿ."

"ಗುರುವಾರನೇ ಫೋನ್ ಮಾಡಿದ್ದೆ ಮೈಥಿಲಿ," ಎಂದಿತು ಸ್ಪೀಕರು. "ಚಿಕ್ಕಪ್ಪನೇ ತಗೊಂಡ್ರು."

ನಮ್ಮವರೆಲ್ಲ ತಲೆಯೆತ್ತಿದರು. ಡಚ್ಚರು ತಲೆ ತಗ್ಗಿಸಿಕೊಂಡೇ ನಿಂತಿದ್ದರು.

"ಲೈನ್ ಸರಿ ಇರ್ಲಿಲ್ಲ ಅನ್ಸತ್ತೆ. ಪಾಪ, ಬರೀ ಹಲೋ ಹಲೋ ಅಂತಿದ್ರು. ಆಮೇಲೆ ಎಷ್ಟು ಸಲ ಮಾಡಿದ್ರೂ ಎಂಗೇಜು. ಅಪ್ಪನ ದಿಂಬಿನ ಕೆಳಗೆ ಚಿಕ್ಕಪ್ಪನ ಕಾಗದ ಇತ್ತು, ಕಂಪನಿ ಹೆಸರಿಂದು. ಬೀದೀಲಿ ಯಾರು ಸಿಕ್ಕಿದ್ರೂ ಅದನ್ನ ತೋರಿಸ್ತಿದ್ರು. ಅದರಲ್ಲಿ ನಂಬರ್ ನೋಡಿ ಫ್ಯಾಕ್ಸ್ ಕಳಿಸ್ದೆ."

ಮೈಥಿಲಿ ನನ್ನ ಮುಖ ನೋಡಿದಳು. ಒದ್ದೆ ಸ್ವೆಟರು, ಸೊಂಟದ ಮುಲಾಮು, ಉತ್ತರೀಯದ ಕೆಳಗಿನ ರಿಸೀವರು, ಎಲ್ಲ ಒಂದೊಂದಾಗಿ ಅವಳ ಕಣ್ಣಿನಲ್ಲಿ ಹಾದುಹೋದದ್ದನ್ನು ಕಂಡೆ.

"ಲೈನ್ ಸರಿ ಇರ್ಲಿಲ್ಲ, ಅಲ್ವಾಪ್ಪಾ?" ಎಂದಳು ಮೆತ್ತಗೆ.

ಹೌದೆಂದಿದ್ದರೆ ಸಾಕಾಗಿತ್ತು. ಮಗಳೇ ಬಾಗಿಲು ತೆರೆದು ಹಿಡಿದಿದ್ದಳು, ಅಣ್ಣನ ಮಗ ಆಚೆಯಿಂದ ಸಾಕ್ಷಿ ಹೇಳಿದ್ದ. ದಿಂಬಿನ ಕೆಳಗಿದ್ದ ಕಾಗದವೊಂದೇ ನನ್ನನ್ನು ತಡೆಯಿತು.

"ಲೈನ್ ಚೆನ್ನಾಗಿತ್ತು ಕಣಪ್ಪ ರವಿ," ಎಂದೆ. "ನನಗೆ ಕೇಳಿಸಿತ್ತು. ಫೋನ್ ಇಟ್ಟವನು ನಾನು. ಎತ್ತಿ ಪಕ್ಕಕ್ಕಿಟ್ಟವನೂ ನಾನೇ. ಇವತ್ತು ದೀಪ ಹಚ್ಚಬೇಕಾಗಿತ್ತು, ಅದಕ್ಕೆ."

ರವಿಕಿರಣ, "ಇಡ್ತೀನಿ ಚಿಕ್ಕಪ್ಪ," ಎಂದ.

ಅವರು ಏನು ಹೇಳಿದರು ಎಂದು ಹುಕ್‌ಸ್ಟ್ರಾ ಪಿಸುಗುಟ್ಟಿ ಕೇಳಿದರು. ನನ್ನ ಮಾತುಗಳನ್ನೆಲ್ಲ ಹೊಳಪು ಕೊಟ್ಟು ಡಚ್ಚಿಗೆ ತಿರುಗಿಸಿದ್ದ ರಾಕೇಶ ಬಾಯಿ ತೆರೆದ, ಮುಚ್ಚಿದ. ಈ ಒಂದು ಮಾತನ್ನು ಅವನು ತಿರುಗಿಸಲಿಲ್ಲ.

ಸಿದ್ದಣ್ಣನವರು ಹೊರಡುವಾಗ ನನ್ನ ಮುಂದೆ ನಿಂತರು. ಆ ದೊಡ್ಡ ದನಿ ಇರಲಿಲ್ಲ.

"ರಾಯರ, ನಮ್ಮೊಳಗ ಸೂತಕ ಅಂಬೋದು ಇಲ್ರೀ. ಸತ್ತರ ದುಃಖ ಅಷ್ಟ ಇರ್ತೈತಿ." ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ನಿಮಗ ಸೂತಕದ್ದು ಭಾಳ ಚಿಂತಿ ಆಗಿತ್ತು, ಅಲ್ರೀ?" ಎಂದರು. ನೀಲಾಂಬಿಕಾ ಅವರು, "ಹೋಗಲಿ ಬಿಡ್ರಿ, ಬರ್ರಿ," ಎಂದು ಅವರ ತೋಳು ಹಿಡಿದು ಕರೆದುಕೊಂಡು ಹೋದರು.

ಚೌಕಟ್ಟಿನ ಹಿಂಬದಿಯ ಮೊಳೆಗಳನ್ನು ನಾನೇ ಕಿತ್ತು ಕಾಗದ ತೆಗೆದೆ. ಕನ್ನಡಕ ಹಾಕಿಕೊಂಡು ಎಲ್ಲರ ಎದುರಿಗೇ ಮೊದಲಿಂದ ಕೊನೆಯವರೆಗೆ ಓದಿದೆ. ಅದರಲ್ಲಿ ಒಂದೂ ಅಕ್ಷರದ ತಪ್ಪಿರಲಿಲ್ಲ. ಆಮೇಲೆ ಹರಿದೆ. ಮನೆಗೆ ಹೋಗಿ ಜರಿಪಂಚೆಯಲ್ಲೇ ಸ್ನಾನ ಮಾಡಿದೆ; ಈ ಸಲ ಮೈಥಿಲಿ ಏನೂ ಕೇಳಲಿಲ್ಲ. ಉಳಿದ ಸೂತಕದ ದಿನಗಳನ್ನು ಒಂದು ಕೋಣೆಯಲ್ಲಿ ಕಳೆದೆ. ಅವಳು ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಹೋಗುತ್ತಿದ್ದಳು. ಹತ್ತನೆಯ ದಿನ ಅಣ್ಣನ ಗೋತ್ರ, ಹೆಸರು ಹೇಳಿ ಎಳ್ಳುನೀರು ಬಿಡುವಾಗ ಅವಳು ಬಂದು ಪಕ್ಕದಲ್ಲಿ ನಿಂತಳು. ನೀರು ನನ್ನ ಕೈಯಿಂದ ಚೆಲ್ಲುತ್ತಿತ್ತು. ಅವಳು ತಂಬಿಗೆಯನ್ನು ಹಿಡಿದುಕೊಂಡಳು.

ನಾರಾಯಣ, ನನ್ನ ಅಣ್ಣ ಶ್ರೀಪಾದ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ತಮ್ಮನ ಒಣಜಂಬದ ಕಾಗದವನ್ನು ಸಹ ನಿಜವೆಂದು ನಂಬಿ ತಲೆದಿಂಬಿನ ಕೆಳಗೆ ಇಟ್ಟುಕೊಂಡವನು. ಅವನು ಹೋದ ದಾರಿಯಲ್ಲಿ ಅವನಿಗೆ ದಣಿವಾಗದಿರಲಿ. ನಿನ್ನ ಪಾದದ ಬಳಿ ಅವನಿಗೆ ಜಾಗ ಕೊಡು, ಅವನ ಆತ್ಮವನ್ನು ಶಾಂತವಾಗಿಡು. ನನ್ನ ವಿಷಯವನ್ನು ನಾನು ಬೇರೆ ದಿನ ಕೇಳಿಕೊಳ್ಳುತ್ತೇನೆ.